ನಾಲ್ಕು ಬೆರಳು

ಇಜ್ಕಿ ದಾಟಿ, ಟಾರು ಮುಗಿದ ಮೇಲೂ
ಹನ್ನೊಂದು ಕಿಲೋಮೀಟರು ಕಲ್ಲುಹಾದಿ.
ತಾಯಿಬಾವಿಯ ಬಾಯಿಗೆ ನಾನೇ ಬಿಗಿದ ಕಂಬ,
ಕಂಬಕ್ಕೊಂದು ಸೌರಫಲಕ, ಮೊಳದುದ್ದದ ಆಂಟೆನಾ,
ಕೆಳಗೆ ಇಪ್ಪತ್ತೆರಡು ಮೀಟರು ಕತ್ತಲಲ್ಲಿ
ಹೆಬ್ಬೆರಳು ದಪ್ಪದ ಸೆನ್ಸರು
ನೀರಿನ ಭಾರ ಹೊತ್ತು ಕೂತಿದೆ.

ಕಾಲುಗಂಟೆಗೊಮ್ಮೆ ಒಂದು ಅಂಕಿ.
ಮೂವತ್ತಾರು ಸಾವಿರ ಕಿಲೋಮೀಟರು ಮೇಲೇರಿ
ಅಲ್ಲಿಂದಿಳಿದು ಮಸ್ಕತ್ತಿನ ಕಚೇರಿಯ ಪರದೆಯಲ್ಲಿ
ನೀಲಿ ಗೆರೆಯಾಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ.
ಅದೇ ನೀರು ಬಾವಿಯಿಂದ ಊರಿಗೆ ನಡೆದು ಬರಲು
ಮೂರು ತಾಸು ಬೇಕು.

ಮರ್ಹೂನ್ ಈ ಊರಿನ ನೀರುಗಂಟಿ.
ಅವರ ಮಾತಲ್ಲಿ ಅರೀಫ್; ನನಗೆ ನಮ್ಮ ಪದವೇ ಬಾಯಿಗೆ ಬರುತ್ತದೆ.
ಹಗಲಲ್ಲಿ ನೆಟ್ಟ ಕೋಲಿನ ನೆರಳು ಅಳೆದು,
ಇರುಳಲ್ಲಿ ಬೆಟ್ಟದಂಚಿಗೆ ಯಾವ ಚುಕ್ಕಿ ಮುಳುಗಿತೆಂದು ನೋಡಿ
ಕಾಲುವೆಯ ಕಲ್ಲು ಎತ್ತುತ್ತಾನೆ, ಇಡುತ್ತಾನೆ.
ಅರ್ಧ ತಾಸಿಗೆ ಒಂದು ಪಾಲು.
ಮಸೀದಿಯದು ಎರಡು. ವಿಧವೆ ಜುವೈನಾಳದು ಕಾಲು,
ಆ ಕಾಲಿನಲ್ಲಿ ಅವಳ ಮೂರು ಖರ್ಜೂರದ ಮರ, ಒಂದು ನಿಂಬೆ.

ಮೊದಲ ದಿನ ಆಂಟೆನಾ ತೋರಿಸಿ ಹೇಳಿದ್ದೆ:
ಮೇಲೊಂದಿದೆ ಅಜ್ಜಾ, ನಿನ್ನ ಚುಕ್ಕಿಗಳ ಹಾಗೆ,
ಆದರೆ ಕದಲುವುದಿಲ್ಲ, ಮುಳುಗುವುದೂ ಇಲ್ಲ.
ಅವನು ಖರ್ಜೂರದ ಬೀಜ ಉಗುಳಿ ಕೇಳಿದ:
ಮುಳುಗದ ಚುಕ್ಕಿ ಇಟ್ಟುಕೊಂಡು ಪಾಳಿ ಹೇಗೆ ಎಣಿಸೋದು?
ನನ್ನ ಅರೆಬರೆ ಅರಬ್ಬಿಯಲ್ಲಿ ಉತ್ತರವಿರಲಿಲ್ಲ.
ಕನ್ನಡದಲ್ಲೂ ಇರಲಿಲ್ಲ.

ಬೀದರಿನಲ್ಲಿ ನಮ್ಮ ಓಣಿಯ ಹಿಂದೆ
ಇಂಥದ್ದೇ ಬಾವಿಗಳ ಸಾಲು, ಒಳಗೊಳಗೇ ಸುರಂಗ.
ಮಣ್ಣು ತುಂಬಿ, ಮೇಲೆ ಹಳೇ ಟೈರು ತುಂಬಿ,
ನಮ್ಮ ಚೆಂಡುಗಳೆಲ್ಲ ಅಲ್ಲೇ ಹೋದವು.
ನೀರಿತ್ತು ಅನ್ನುವವರು ಇದ್ದರು.
ನೀರನ್ನು ಎಣಿಸುವವರು ಇರಲಿಲ್ಲ.
ಇದನ್ನು ಹೇಳಿದಾಗ ಮರ್ಹೂನ್
ನೆಂಟರ ಸಾವಿನ ಸುದ್ದಿ ಕೇಳಿದಂತೆ ತಲೆ ತಗ್ಗಿಸಿದ.

ಶಾಬಾನ್ ತಿಂಗಳಲ್ಲಿ ಗೆರೆ ಕುಸಿಯತೊಡಗಿತು.
ದಿನವೂ ನಸುಕಿನ ಎರಡಕ್ಕೆ ಇಳಿದು, ಐದಕ್ಕೆ ನಿಂತು,
ಮತ್ತೆ ಏರಲು ಮಧ್ಯಾಹ್ನ. ಏಳು ಸೆಂಟಿಮೀಟರು.
ಆಡು ವೈರು ಕಡಿದಿರಬೇಕು ಅಂದರು ಕಚೇರಿಯವರು;
ಹಿಂದೊಮ್ಮೆ ಕಡಿದಿತ್ತು, ನಿಜ.
ಮೇಲಿನಿಂದ ತೆಗೆದ ಚಿತ್ರ ಹಿಗ್ಗಿಸಿ ನೋಡಿದೆ:
ಕಂದು ಕಣಿವೆಯಲ್ಲಿ, ಬಾವಿಯ ಪಶ್ಚಿಮಕ್ಕೆ,
ಹೋದ ಸಲ ಇಲ್ಲದ ಒಂದು ಹಸಿರು ಚೌಕ.
ದನದ ಮೇವಿನ ಹಸಿರು. ಅಷ್ಟು ಅಚ್ಚುಕಟ್ಟು ಹಸಿರು
ಕದ್ದದ್ದಲ್ಲದೆ ಮತ್ತೇನು.

ಲ್ಯಾಪ್‌ಟಾಪು ಹಿಡಿದು ಹೋದೆ. ಅವನು ಪರದೆ ನೋಡಲಿಲ್ಲ.
ಕಾಲುವೆಗೆ ಕೈಯಿಳಿಸಿ, ಗೋಡೆಯ ಹಳೇ ಪಾಚಿಗೆರೆಗೆ ಒತ್ತಿ,
‘ನಾಲ್ಕು ಬೆರಳು’ ಅಂದ. ‘ಹದಿನೆಂಟು ದಿನವಾಯ್ತು.’
ನನ್ನ ಗೆರೆಯೂ ಹದಿನೆಂಟೇ ಅನ್ನುತ್ತಿತ್ತು.
ಮತ್ಯಾಕೆ ಹೇಳಲಿಲ್ಲ ಅಜ್ಜಾ?
ಅವನು ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಸುರಿದು ಕೇಳಿದ:
‘ಆ ಹಸಿರು ಯಾರದೆಂದು ನಿನ್ನ ಚುಕ್ಕಿ ಹೇಳಿತೇ?’
ಇಲ್ಲ. ಅಕ್ಷಾಂಶ, ರೇಖಾಂಶ, ಅಷ್ಟೇ.
‘ಹಾಗಾದರೆ ಬರಕೋ. ಸುಹೈಮ್. ನನ್ನ ತಂಗಿಯ ಮಗ.
ಅವನಿಗೆ ಚುಕ್ಕಿ ಓದಲು ಕಲಿಸಿದ್ದು ನಾನು.
ಯಾವ ಚುಕ್ಕಿ ಮುಳುಗುವಾಗ ನನ್ನ ಕಣ್ಣು ಮುಚ್ಚುತ್ತದೆಂದು
ಅವನೊಬ್ಬನಿಗೇ ಗೊತ್ತು.’

ಫಾರ್ಮಿನಲ್ಲಿ ಎಲ್ಲಕ್ಕೂ ಖಾನೆಯಿತ್ತು:
ಕೇಂದ್ರದ ಸಂಖ್ಯೆ, ಬ್ಯಾಟರಿಯ ವೋಲ್ಟು, ಉಪ್ಪಿನಂಶ.
ತಂಗಿಗೆ ಖಾನೆ ಇರಲಿಲ್ಲ.
ಷರಾ ಅಂದಲ್ಲಿ ‘ಸು’ ಬರೆದು ನಿಲ್ಲಿಸಿದೆ.

ಆ ರಾತ್ರಿ ಅಲ್ಲೇ ಉಳಿದೆ. ಎರಡಕ್ಕೆ ಮೊದಲು
ಅಜ್ಜ ಎದ್ದು ಪಶ್ಚಿಮಕ್ಕೆ ನಡೆದ, ಟಾರ್ಚೂ ಇಲ್ಲದೆ.
ನಾನು ಹಿಂದೆ ಹೋಗಲಿಲ್ಲ. ಪರದೆ ತೆರೆದು ಕೂತೆ.
ಎರಡು. ಎರಡೂಕಾಲು. ಎರಡೂವರೆ.
ಅಂಕಿ ಕದಲಲಿಲ್ಲ.
ಮೂರಕ್ಕೆ ಅರ್ಧ ಸೆಂಟಿಮೀಟರು ಏರಿತು.
ಅಲ್ಲಿ ಬೈದನೋ, ಅತ್ತನೋ, ಸುಮ್ಮನೆ ಕೂತನೋ,
ಅದು ಯಾವ ಉಪಗ್ರಹಕ್ಕೂ ಹೋಗಲಿಲ್ಲ.

ಬೆಳಿಗ್ಗೆ ಜುವೈನಾಳ ಪಾಳಿ. ಕಲ್ಲು ಎತ್ತಿದವನು
ಮರ್ಹೂನ್ ಅಲ್ಲ, ಮೂವತ್ತರ ಒಬ್ಬ ಗಂಡಸು,
ಕಣ್ಣು ಕೆಂಪು,
ಬಿಳಿ ನಿಲುವಂಗಿಯ ಅಂಚಿಗೆ ಡೀಸೆಲಿನ ಕಲೆ.